ಜಗದೊಡೆಯನ ಮೊಮ್ಮಕ್ಕಳು

ಸ್ಪೇನ್ ದೇಶದ ರಾಜಧಾನಿಯಾದ ಮ್ಯಾಡ್ರಿಡ್ ನಗರದಲ್ಲಿ, ರೆತೀರೊ ಉದ್ಯಾನದ ಮಗ್ಗುಲಲ್ಲಿ, ಒಂದು ಅಗಲವಾದ ಬೀದಿ ಹಾಯ್ದುಹೋಗುತ್ತದೆ. ಅದರ ಹೆಸರು ಓಡಾನೆಲ್. ಅದೇ ಹೆಸರಿನ ಸುರಂಗ ರೈಲಿನ ನಿಲ್ದಾಣವೂ ಉಂಟು. ಗಾರ್ಸಿಯಾ, ಲೋಪೆಸ್, ಪೆರೆಸ್ ಎಂಬ ಹೆಸರುಗಳ ನಾಡಿನಲ್ಲಿ ಇದು, ಮದುವೆಗೆಂದು ಬಂದು ಆ ಊರಿನಲ್ಲೇ ನಿಂತುಬಿಟ್ಟ ದೂರದ ನೆಂಟನಂತೆ ತೋರುತ್ತದೆ. ಇದರ ತವರನ್ನು ಅರಸಿ ಹೊರಟವರು ಕಡಲು ದಾಟಿ ಐರ್ಲೆಂಡಿನ ವಾಯವ್ಯ ಮೂಲೆಗೆ, ಡಾನಿಗಾಲ್ ಸೀಮೆಗೆ, ಹೋಗಬೇಕು.

ಬೋಳು ಬೆಟ್ಟಗಳು, ಜೌಗುನೆಲ, ಬಿಡದೆ ಬೀಸುವ ಕಡಲಗಾಳಿ, ಇದು ಡಾನಿಗಾಲ್. ಅಲ್ಲಿನ ಐರಿಷ್ ಭಾಷೆಯಲ್ಲಿ ‘ಓ’ ಎಂದರೆ ಮೊಮ್ಮಗ, ವಿಶಾಲಾರ್ಥದಲ್ಲಿ ಸಂತತಿಯವನು. ‘ಡೋನಲ್’ ಪುರಾತನವಾದ ಅಂಕಿತನಾಮ. ಅದರ ಅರ್ಥ ಜಗದೊಡೆಯ. ಹತ್ತನೆಯ ಶತಮಾನದ ಸುಮಾರಿನಲ್ಲಿದ್ದ ಡೋನಲ್ ಎಂಬವನ ವಂಶದವರು ಓಡಾನೆಲ್ ಎನಿಸಿದರು. ಜಗವೇನೂ ಅವರದಾಗಲಿಲ್ಲ. ಆದರೆ ಟಿರ್‌ಕಾನೆಲ್ ಎಂದು ಹೆಸರಾಗಿದ್ದ ಈ ಸೀಮೆಯನ್ನು ಅವರು ಸುಮಾರು ನಾಲ್ಕು ಶತಮಾನ ಆಳಿದರು. ಎಸ್ಕ್ ನದಿಯ ದಡದಲ್ಲಿ ಅವರು ಕಟ್ಟಿದ ಹದಿನೈದನೆಯ ಶತಮಾನದ ಕೋಟೆಮನೆ ಇಂದಿಗೂ ನಿಂತಿದೆ. ಆದರೆ ಅದರ ಸೊಗಸಾದ ಕಿಟಕಿಗಳೂ ಕೆತ್ತನೆಯ ಅಗ್ಗಿಷ್ಟಿಕೆಯೂ ಅವರವಲ್ಲ. ಅವರು ಹೋದ ಮೇಲೆ ಮನೆಯನ್ನು ಪಡೆದ ಬ್ರೂಕ್ ಎಂಬ ಇಂಗ್ಲಿಷ್ ಸೇನಾಧಿಕಾರಿ ಮಾಡಿಸಿದವು.

ಅವರು ಏಕೆ ಹೋದರು? ಅದನ್ನು ತಿಳಿಯಲು ಸ್ವಿಲಿ ಎಂಬ ಕಡಲತೋಳಿನ ದಡದಲ್ಲಿರುವ ರಾತ್‌ಮಲನ್ ಗ್ರಾಮಕ್ಕೆ ಬರಬೇಕು. 1587ರಲ್ಲಿ ಇಲ್ಲಿ ದ್ರಾಕ್ಷಾರಸ ಮಾರುವ ಹಡಗೊಂದು ಲಂಗರು ಹಾಕಿತು. ರುಚಿ ನೋಡಲು ಕರೆದರೆಂದು ಹತ್ತಿದ ಹದಿನೈದರ ಹುಡುಗ ಕೆಂಪು ಹ್ಯೂ ಓಡಾನೆಲ್ ಅಲ್ಲಿಯೇ ಸೆರೆಯಾದ; ಹಡಗು ಇಂಗ್ಲಿಷ್ ಸರ್ಕಾರದ ಬಲೆಯಾಗಿತ್ತು. ನಾಲ್ಕು ವರ್ಷಗಳ ಮೇಲೆ ಚಳಿಗಾಲದ ನಡುವೆ ಡಬ್ಲಿನ್ ಕೋಟೆಯಿಂದ ತಪ್ಪಿಸಿಕೊಂಡು ವಿಕ್ಲೊ ಬೆಟ್ಟಗಳ ಹಿಮದಲ್ಲಿ ಅಲೆದ. ಜೊತೆಗಾರ ಆರ್ಟ್ ಓನೀಲ್ ಚಳಿಗೆ ಸತ್ತ. ಹ್ಯೂ ಬದುಕಿದ, ಹಿಮ ಕಡಿದ ಅವನ ಎರಡೂ ಕಾಲುಗಳ ಹೆಬ್ಬೆರಳುಗಳನ್ನು ಕತ್ತರಿಸಬೇಕಾಯಿತು. 1592ರಲ್ಲಿ ಅದೇ ಕಾಲುಗಳಲ್ಲಿ ನಿಂತು ಪಟ್ಟವೇರಿ ಇಂಗ್ಲೆಂಡಿನೊಡನೆ ಕಾದಿದ. 1601ರ ಕಿನ್ಸೇಲ್ ಕದನದಲ್ಲಿ ಸೋತು, ನೆರವು ಬೇಡಲು ಸ್ಪೇನಿಗೆ ಹೋಗಿ, ಮರುವರ್ಷ ಅಲ್ಲಿಯೇ ತೀರಿಕೊಂಡ. ವಯಾಡೊಲಿಡ್ ನಗರದ ಫ್ರಾನ್ಸಿಸ್ಕನ್ ಮಠದಲ್ಲಿ ಅವನ ಸಮಾಧಿಯಾಯಿತು.

ಅವನ ತಮ್ಮ ರೋರಿ, ಇಂಗ್ಲೆಂಡಿನ ದೊರೆಯಿಂದ ‘ಅರ್ಲ್’ ಪದವಿ ಪಡೆದರೂ ನೆಮ್ಮದಿ ಪಡೆಯಲಿಲ್ಲ. 1607ರ ಸೆಪ್ಟೆಂಬರಿನಲ್ಲಿ ಅದೇ ರಾತ್‌ಮಲನ್ ದಡದಿಂದ ಓನೀಲ್ ಮತ್ತು ಓಡಾನೆಲ್ ಮನೆತನಗಳವರು ಹಡಗೇರಿದರು. ರೋರಿಯ ಮಗ ಇನ್ನೂ ವರ್ಷ ತುಂಬದ ಹಸುಗೂಸು. ಅವನನ್ನು ಎತ್ತಿಕೊಂಡು ಹೋದರು. ತುಂಬು ಬಸುರಿಯಾಗಿದ್ದ ಹೆಂಡತಿ ಬ್ರಿಜಿಟ್ ಹಿಂದೆ ಉಳಿದಳು. ಬಳಿಕ ಹುಟ್ಟಿದ ಮಗಳ ಮುಖವನ್ನು ರೋರಿ ಕಾಣಲೇ ಇಲ್ಲ. ಮರುವರ್ಷವೇ ರೋಮ್ ನಗರದಲ್ಲಿ ಜ್ವರದಿಂದ ಸತ್ತ. ಜನಿಕ್ಯುಲಮ್ ಗುಡ್ಡದ ಸಂತ ಪೀಟರನ ಇಗರ್ಜಿಯಲ್ಲಿ ಅವನ ಸಮಾಧಿಶಿಲೆಯಿದೆ. ಆ ಕೂಸು ಬೆಳೆದು ಸ್ಪೇನಿನ ಸೈನ್ಯ ಸೇರಿ 1642ರಲ್ಲಿ ಕಡಲಕಾಳಗದಲ್ಲಿ ಮಡಿಯಿತು. ನಾನೂರನೆಯ ವರ್ಷವಾದ 2007ರಲ್ಲಿ ರಾತ್‌ಮಲನ್‌ನಲ್ಲಿ ಹಡಗೇರುವವರ ಕಂಚಿನ ಪ್ರತಿಮೆಗಳನ್ನು ನಿಲ್ಲಿಸಲಾಗಿದೆ.

ಮುಂದೆಯೂ ನೆಲ ಕಳೆದುಕೊಂಡ ಐರಿಷ್ ವೀರರು ತಂಡತಂಡವಾಗಿ ಪರದೇಶದ ಸೈನ್ಯಗಳನ್ನು ಸೇರಿದರು. 1853ರಲ್ಲಿ ವಿಯೆನ್ನಾದಲ್ಲಿ ಚೂರಿಯ ಇರಿತದಿಂದ ಆಸ್ಟ್ರಿಯದ ಚಕ್ರವರ್ತಿಯನ್ನು ಕಾಪಾಡಿದವನು ಒಬ್ಬ ಓಡಾನೆಲ್. ಮ್ಯಾಡ್ರಿಡ್ಡಿನ ಬೀದಿಗೆ ಹೆಸರಾದವನು 1809ರಲ್ಲಿ ಟೆನೆರೀಫ್ ದ್ವೀಪದಲ್ಲಿ ಹುಟ್ಟಿದ ಸೇನಾನಿ ಲಿಯೊಪೊಲ್ದೊ. ಮೂರು ಸಲ ಸ್ಪೇನಿನ ಪ್ರಧಾನಿಯಾದವನು. ಆದರೆ ಕ್ಯೂಬಾದಲ್ಲಿ ಅವನು ಅಧಿಪತಿಯಾಗಿದ್ದಾಗ, 1844ರಲ್ಲಿ, ದಂಗೆಯ ಶಂಕೆಯಿಂದ ಕರಿಯ ಗುಲಾಮರನ್ನೂ ಸ್ವತಂತ್ರರನ್ನೂ ಏಣಿಗೆ ಕಟ್ಟಿ ಚಾವಟಿಯಿಂದ ಹೊಡೆಸಲಾಯಿತು. ‘ಏಣಿ’ ಎಂಬ ಹೆಸರಿನಿಂದಲೇ ಆ ಘೋರ ಪ್ರಕರಣ ಚರಿತ್ರೆಯಲ್ಲಿ ಉಳಿದಿದೆ. ಪರರ ದಬ್ಬಾಳಿಕೆಗೆ ಮನೆ ತೊರೆದವರ ಹೆಸರು ಹೊತ್ತವನಿಗೆ ಇದು ಒಪ್ಪುವ ಕೆಲಸವಾಗಿರಲಿಲ್ಲ.

ಹಡಗೇರದೆ ಉಳಿದ ಓಡಾನೆಲ್‌ಗಳೇ ಹೆಚ್ಚು ಮಂದಿ. ಅವರಿಗೆ ಪ್ರತಿಮೆಯೂ ಇಲ್ಲ, ಬೀದಿಯೂ ಇಲ್ಲ. ಇಂಗ್ಲಿಷ್ ಆಳ್ವಿಕೆಯಲ್ಲಿ ಐರಿಷ್ ಮನೆತನಗಳು ಅನೇಕವು ಹೆಸರಿನ ಮುಂದಿನ ‘ಓ’ವನ್ನೇ ಬಿಟ್ಟವು, ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸ್ವಭಾಷಾಭಿಮಾನ ಮರಳಿದಾಗ ಕೆಲವರು ಅದನ್ನು ಹುಡುಕಿ ಹಚ್ಚಿಕೊಂಡರು. 1845ರಲ್ಲಿ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿ ಬರ ಬಂದಾಗ ಐರ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಮಂದಿ ದೇಶ ಬಿಟ್ಟರು. ಡಾನಿಗಾಲ್‌ನವರು ಡೆರಿ ಬಂದರಿನಿಂದ ಫಿಲಡೆಲ್ಫಿಯಾಕ್ಕೆ ಹೋದರು. ಬಡವರು ವರ್ಷ ವರ್ಷವೂ ಸ್ಕಾಟ್ಲೆಂಡಿನ ಹೊಲಗಳಿಗೆ ಆಲೂಗೆಡ್ಡೆ ಕೀಳಲು ಹೋಗಿ ಬಂದರು. ಇಂದಿಗೂ ಡಾನಿಗಾಲ್‌ನ ಅಂಗಡಿ ಬಾಗಿಲುಗಳ ಮೇಲೆ ಈ ಹೆಸರು ಕಾಣದ ಊರು ಅಪರೂಪ.

ಕೆಂಪು ಹ್ಯೂ ಮಲಗಿದ್ದ ವಯಾಡೊಲಿಡ್ ಮಠವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಕೆಡವಿ ಅದರ ಮೇಲೆ ಪೇಟೆ ಕಟ್ಟಿದರು. 2020ರಲ್ಲಿ ಪುರಾತತ್ತ್ವಜ್ಞರು ಅಲ್ಲಿನ ಬೀದಿಯೊಂದನ್ನು ಅಗೆದರು. ಹಲವು ಅಸ್ಥಿಪಂಜರಗಳು ದೊರೆತವು. ಪ್ರತಿಯೊಂದಕ್ಕೂ ಮೊದಲು ನೋಡಿದ್ದು ಕಾಲನ್ನೇ. ಹೆಬ್ಬೆರಳಿಲ್ಲದ ಪಾದಗಳು ಮಾತ್ರ ಸಿಗಲಿಲ್ಲ.