ಬೈಕಿನ ಭಾರ ಎಲ್ಲಿ ಕೂತಿದೆ?

ಬೈಕ್ ಕೊಳ್ಳುವಾಗ ತೂಕ ಎಷ್ಟು ಅಂತ ಎಲ್ಲರೂ ಕೇಳ್ತಾರೆ. ಆ ತೂಕ ಎಷ್ಟು ಎತ್ತರದಲ್ಲಿದೆ ಅಂತ ಕೇಳೋರು ಕಡಿಮೆ.

ಕ್ಲಾಸಿಕ್ 350 ಸುಮಾರು 195 ಕೆ.ಜಿ., ಹಿಮಾಲಯನ್ 450 ಸುಮಾರು 196. ತಕ್ಕಡಿಗೆ ಎರಡೂ ಒಂದೇ. ಆದರೆ ಗ್ರೌಂಡ್ ಕ್ಲಿಯರೆನ್ಸ್ ಕ್ಲಾಸಿಕ್‌ಗೆ 170 ಮಿ.ಮೀ., ಹಿಮಾಲಯನ್‌ಗೆ 230. ಕಲ್ಲುದಾರಿಯಲ್ಲಿ ಆ ಎತ್ತರ ವರವೇ. ಸಿಗ್ನಲ್‌ನಲ್ಲಿ ನಿಂತು ಗಾಡಿ ಕೊಂಚ ವಾಲಿದಾಗ ಮಾತ್ರ, ಭಾರ ಮೇಲಿದ್ದಷ್ಟೂ ಕಾಲಿಗೆ ಹೆಚ್ಚು ಕೆಲಸ.

ಹಾಲು ಹಾಕುವವರನ್ನು ಗಮನಿಸಿ. ಕ್ಯಾನುಗಳನ್ನು ಹಿಂಚಕ್ರದ ಎರಡೂ ಬದಿ, ಕೆಳಗೆ, ಸಮವಾಗಿ ತೂಗುಹಾಕಿರ್ತಾರೆ. ಅಷ್ಟೇ ತೂಕದ ಮೂಟೆಯನ್ನು ಸೀಟಿನ ಮೇಲೆ ಪೇರಿಸಿದರೆ ಪ್ರತಿ ತಿರುವಿನಲ್ಲೂ ಗಾಡಿ ತೊನೆದಾಡುತ್ತೆ. ಬ್ರೇಕ್ ಹಿಡಿದಾಗ ಎತ್ತರದ ಭಾರ ಮುಂಚಕ್ರದ ಮೇಲೆ ಹೆಚ್ಚು ಬೀಳುತ್ತೆ, ಹಿಂಚಕ್ರ ಹಗುರಾಗಿ ಜಾರುತ್ತೆ. ಅದೇ ಭಾರ ಹಿಂಚಕ್ರದ ಅಚ್ಚಿಗಿಂತ ಹಿಂದೆ ಹೋದರೆ ಮುಂಚಕ್ರದ ಹಿಡಿತ ಕಡಿಮೆಯಾಗಿ ಹ್ಯಾಂಡಲ್ ಸಡಿಲ ಅನ್ನಿಸುತ್ತೆ.

ಲಾಂಗ್ ರೈಡ್‌ಗೆ ಹೊರಡುವವರೇ, ಭಾರದ ಸಾಮಾನು ಕೆಳಗಿರಲಿ, ನಿಮ್ಮ ಬೆನ್ನಿಗೆ ಹತ್ತಿರವಿರಲಿ, ಎರಡೂ ಬದಿ ಸಮವಿರಲಿ. ಹಿಂದೆ ಕೂತವರಿಗೆ ತಿರುವಿನಲ್ಲಿ ನಿಮ್ಮ ಜೊತೆಗೇ ವಾಲಲು ಹೇಳಿ. ಹಿಂದಿನ ಟೈರಿನ ಗಾಳಿ ನೋಡಿಕೊಂಡೇ ಹೊರಡಿ.