ಹುಂಜಕ್ಕೆ ಅರ್ಧ ಟಿಕೇಟು

ಆಳಂದದಲ್ಲಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿದ್ದೇನೆ. ಪಕ್ಕದ ಸೀಟಿಗೆ ಇಬ್ಬರು ಬಂದರು. ಒಬ್ಬ ರುಮಾಲು ಸುತ್ತಿದ ಮುದುಕ, ಇನ್ನೊಂದು ಅವನ ಕೈಚೀಲದಿಂದ ಕತ್ತು ಹೊರಗೆ ಹಾಕಿದ ಕೆಂಪು ಹುಂಜ. ಕಂಡಕ್ಟರು ಮುದುಕನಿಗೆ ಪೂರಾ ಟಿಕೇಟು, ಹುಂಜಕ್ಕೆ ಅರ್ಧ ಟಿಕೇಟು ಕೊಟ್ಟರು. ಮುದುಕ ಎರಡನ್ನೂ ಹಿಡಿದು ನೋಡಿ, "ಹ್ಯಾಟಿ ತಂದಿದ್ರ ಫ್ರೀ ಇರ್ತಿತ್ತಲ್ರೀ, ಆಧಾರ್ ಕಾರ್ಡ್ ತೋರಸ್ತಿದ್ದೆ" ಅಂದ. ಬಸ್ಸಿನ ತುಂಬ ಇದ್ದ, ಬಿಟ್ಟಿ ಪಯಣದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಹುಂಜ ಮಾತ್ರ ಗಂಭೀರವಾಗಿ ನನ್ನ ಅಂಗಿಯ ಗುಂಡಿಯನ್ನು ಒಮ್ಮೆ ಕುಕ್ಕಿ ನೋಡಿತು.

ನಾನು ಹೊರಟದ್ದು ಗೆಳೆಯನ ಊರಿಗೆ. ಭೂಸನೂರಿನ ದಾರಿಯಲ್ಲಿ ಕಣ್ಣಿಗೆ ಅಡ್ಡವಾಗುವುದು ಏನೂ ಇಲ್ಲ. ಪುತ್ತೂರಿನ ಕಡೆಯವನಾದ ನನಗೆ ಹತ್ತು ಮಾರು ಆಚೆ ಗುಡ್ಡವೋ ಅಡಿಕೆ ತೋಟವೋ ಕಾಣದಿದ್ದರೆ ಏನೋ ಕಳೆದುಕೊಂಡಂತೆ. ಇಲ್ಲಿ ಕರಿನೆಲ ಮುಗಿಲು ಮುಟ್ಟುವವರೆಗೂ ಹೋಗಿದೆ. ಜನವರಿ ಕೊನೆ, ತೊಗರಿ ಕಟಾವಾಗಿ ರಾಶಿ ನಡೆದಿದೆ, ಬಿಳಿಜೋಳ ತೆನೆ ಹೊತ್ತು ನಿಂತಿದೆ. ಊರು ಹತ್ತಿರ ಬಂದಂತೆ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಒಂದಕ್ಕೆ ಎರಡೆರಡು ಟ್ರೇಲರು. ಅವುಗಳ ಹಿಂದೆ ಮುಕ್ಕಾಲು ಗಂಟೆ ತೆವಳಿದೆವು. ಹುಂಜ ಅಷ್ಟರಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗಿತ್ತು.

ಗೆಳೆಯನ ಮನೆ ಹಳೆಯ ಮಣ್ಣಿನ ಮಾಳಿಗೆ. ನೆಲಕ್ಕೆ ಶಹಾಬಾದ್ ಕಲ್ಲು. ಬಾಗಿಲ ಪಕ್ಕದ ಕಟ್ಟೆಯ ಹೊಟ್ಟೆಯಲ್ಲೇ ಒಂದು ಗೂಡು, ಬಾಯಿಗೆ ಒಂದು ಚಪ್ಪಡಿ ಕಲ್ಲು: ಅದು ಕೋಳಿಗಳ ಮನೆ. ಗೆಳೆಯನ ಅವ್ವ ಬಿಸಿ ರೊಟ್ಟಿ ಹಾಕಿ, "ತತ್ತಿ ಪಲ್ಯ ತಿಂತೀ ಇಲ್ಲೋ ಯಪ್ಪಾ?" ಎಂದು ಕೇಳಿದರು. ನಮ್ಮಲ್ಲಿ ಮೊಟ್ಟೆ, ಇಲ್ಲಿ ತತ್ತಿ. ನಮ್ಮ ಹೇಂಟೆ ಇಲ್ಲಿ ಹ್ಯಾಟಿ. ನಮ್ಮ ಕಡೆ ಕೋಳಿ ಸಾರಿಗೆ ಹಾಕುವ ರೊಟ್ಟಿ ಅಕ್ಕಿಯದು, ಕಾಗದದ ಹಾಗೆ ಮುರಿಯುತ್ತದೆ ಅಂದೆ. "ರೊಟ್ಟಿ ಸಾರಿನ್ಯಾಗ ಮುಳುಗಸ್ತೀರಿ?" ಎಂದು ಅವ್ವ ಕನಿಕರದಿಂದ ನೋಡಿದರು.

ಊಟ ಮುಗಿದ ಮೇಲೆ ಅಡಿಗೆ ಮನೆಯ ಕತ್ತಲ ಮೂಲೆಗೆ ಕರೆದೊಯ್ದರು. ತೊಗರಿ ಕಟ್ಟಿಗೆಯಿಂದ ಹೆಣೆದ ಬುಟ್ಟಿ. ತಳಕ್ಕೆ ಬೂದಿ, ಮೇಲೆ ಕಬ್ಬಿನ ರವದಿ, ಅದರ ಮೇಲೆ ಮೈ ಉಬ್ಬಿಸಿಕೊಂಡು ಕಾವಿಗೆ ಕೂತ ಕರಿ ಹ್ಯಾಟಿ. ಬುಟ್ಟಿಯ ಅಂಚಿನಲ್ಲಿ ಒಂದು ಇದ್ದಿಲ ಚೂರು, ಒಂದು ಕಬ್ಬಿಣದ ಮೊಳೆ. ಗುಡುಗಿಗೆ ತತ್ತಿ ಕೆಡಬಾರದೆಂದು. ಜನವರಿಯಲ್ಲಿ ಎಲ್ಲಿಯ ಗುಡುಗು ಎಂದು ಕೇಳಲು ಹೋಗಿ ಸುಮ್ಮನಾದೆ. ನಮ್ಮಜ್ಜಿಯೂ ಮೊಳೆ ಇಡುತ್ತಿದ್ದಳು. ಹನ್ನೊಂದು ತತ್ತಿ, ಎಲ್ಲಕ್ಕೂ ಇದ್ದಿಲಿನ ಗೀಟು. ಬೇರೆ ಹ್ಯಾಟಿ ಬಂದು ಹೊಸ ತತ್ತಿ ಇಟ್ಟು ಹೋದರೆ ಗೀಟಿಲ್ಲದ್ದನ್ನು ಗುರುತಿಸಿ ತೆಗೆಯಬೇಕಲ್ಲ. ಹನ್ನೊಂದರಲ್ಲಿ ನಾಲ್ಕು ಗಿರಿರಾಜದ್ದು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಿತ್ತಲಿಗೆಂದೇ ರೂಪಿಸಿದ ತಳಿ ಅದು. ಮೈ ದೊಡ್ಡದು, ಜವಾರಿಗಿಂತ ತತ್ತಿಯೂ ಹೆಚ್ಚು. "ಖರೇ, ಆದ್ರ ಕಾವಿಗೆ ಕೂಡಂಗಿಲ್ಲ. ಇಡೂದು ಅದು, ಕೂಡೂದು ನಮ್ಮ ಜವಾರಿ" ಅಂದರು ಅವ್ವ.

ಅಂದು ಇಪ್ಪತ್ತನೆಯ ದಿನ. ಅಗಲ ಬೋಗುಣಿಯಲ್ಲಿ ಉಗುರು ಬೆಚ್ಚಗಿನ ನೀರು ತಂದು ಅವ್ವ ಒಂದೊಂದೇ ತತ್ತಿ ತೇಲಿಬಿಟ್ಟರು. ನೀರು ನಿಂತಿತು. ನಾವೂ ಉಸಿರು ಹಿಡಿದೆವು. ಒಂದು ತತ್ತಿ ತಾನಾಗಿ ತಲೆ ಅಲ್ಲಾಡಿಸಿತು. ಆಮೇಲೆ ಇನ್ನೊಂದು. ಯಾರೋ ಒಳಗಿಂದ ಮೊಣಕೈಲಿ ತಿವಿದ ಹಾಗೆ. ಎರಡು ಮಾತ್ರ ಕಲ್ಲಿನಂತೆ ನಿಂತವು, ಅವನ್ನು ಪಕ್ಕಕ್ಕಿಟ್ಟರು. ಉಳಿದದ್ದರಲ್ಲಿ ಒಂದನ್ನು ಸೆರಗಲ್ಲಿ ಒರೆಸಿ ನನ್ನ ಕಿವಿಗೆ ಹಿಡಿದರು. ಚಿಪ್ಪಿನೊಳಗಿಂದ ಸಣ್ಣಗೆ, ಸ್ಪಷ್ಟವಾಗಿ, ಚಿಂವ್! ಬುಟ್ಟಿಯಲ್ಲಿದ್ದ ಹ್ಯಾಟಿ ಗಂಟಲಲ್ಲೇ ಕುಕ್ ಎಂದು ಉತ್ತರ ಕೊಟ್ಟಿತು. ಹುಟ್ಟುವ ಮೊದಲೇ ತಾಯಿ ಮಕ್ಕಳ ಮಾತು ಶುರುವಾಗಿತ್ತು. ನಲವತ್ತೆಂಟು ವರ್ಷ ಕೋಳಿ ನೋಡಿಕೊಂಡು ಬೆಳೆದವನು ನಾನು, ಈ ಮಾತನ್ನು ಕೇಳಿದ್ದು ಇಲ್ಲೇ ಮೊದಲು.

ಬೇಸಿಗೆಯಲ್ಲಿ ಕಾವು ಕೂರಿಸುವುದಿಲ್ಲವಂತೆ. ತತ್ತಿಗೆ ಬೇಕಾದ ಕಾವು 37.5 ಡಿಗ್ರಿ, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು ಅದನ್ನೂ ದಾಟಿ ಹೋಗುತ್ತದೆ. ಕೋಳಿಗೆ ಬೆವರುವ ಗ್ರಂಥಿಗಳೇ ಇಲ್ಲ, ಕೊಕ್ಕು ತೆರೆದು ಏದುಸಿರು ಬಿಟ್ಟೇ ಮೈ ಆರಿಸಿಕೊಳ್ಳಬೇಕು. "ಆಗ ಸೂರ್ಯನೇ ಕುಂದರ್ತಾನ ಕಾವಿಗೆ, ಆದ್ರ ಅವಗ ಹದ ಗೊತ್ತಿಲ್ಲ" ಎಂದು ಅವ್ವ ನಕ್ಕರು.

ಮಾಳಿಗೆಯ ಮೇಲೆ ಮಲಗಿದ್ದೇನೆ, ನಕ್ಷತ್ರಗಳು ಕೈಗೆ ಸಿಗುವಷ್ಟು ಹತ್ತಿರ. ಮೂರೂವರೆಗೆ ಶುರು! ಓಣಿಯ ತುದಿಯ ಒಂದು ಹುಂಜ ಮೊದಲು ಕೂಗುತ್ತದೆ. ಆಮೇಲೆ ನಮ್ಮದು, ಆಮೇಲೆ ಆಚೆಯದು, ಹೀಗೆ ಕೂಗು ಊರು ಸುತ್ತಿ ಬರುತ್ತದೆ. ಬೆಳಕೇ ಇಲ್ಲದೆ ಇವಕ್ಕೆ ಹೊತ್ತು ತಿಳಿಯುವುದಾದರೂ ಹೇಗೆ? ಜಪಾನಿನ ನಾಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ಹುಂಜದ ಮೈಯೊಳಗೇ ಗಡಿಯಾರ ಇದೆ ಎಂದು ತೋರಿಸಿದರು. ಗುಂಪಿನ ಯಜಮಾನ ಹುಂಜವೇ ಮೊದಲು ಕೂಗುವುದು, ಉಳಿದವು ಅಂತಸ್ತಿನ ಪ್ರಕಾರ ಕಾಯುತ್ತವೆ ಎಂಬುದು ಅವರೇ 2015ರಲ್ಲಿ ಕಂಡುಕೊಂಡ ಸಂಗತಿ. ಓದಿದಾಗ ಬೆರಗಾಗಿದ್ದೆ. ಮೂರೂವರೆಗೆ ಆ ಬೆರಗು ಅಷ್ಟಾಗಿ ಉಳಿಯುವುದಿಲ್ಲ. ಬೆಳಿಗ್ಗೆ ನೋಡಿದರೆ ಓಣಿಯ ಆ ಯಜಮಾನ ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ ಮಲಗಿದ್ದ ಅರ್ಧ ಟಿಕೇಟಿನವನೇ. ಬಂದು ಒಂದು ರಾತ್ರಿಯೂ ಕಳೆದಿಲ್ಲ!

ಅದೇ ಬೆಳಿಗ್ಗೆ ಸ್ನಾನ ಮಾಡಿ ಬರುವಷ್ಟರಲ್ಲಿ ತೆರೆದಿಟ್ಟಿದ್ದ ನನ್ನ ಬ್ಯಾಗಿನಲ್ಲಿ ಹಳದಿ ಕಾಲಿನ ಕೆಂಪು ಹ್ಯಾಟಿಯೊಂದು ಕೂತಿದೆ. ಓಡಿಸಲು ಹೋದರೆ ಅವ್ವ ಬಾಯಿಗೆ ಬೆರಳಿಟ್ಟು ತಡೆದರು. ಇಪ್ಪತ್ತು ನಿಮಿಷ ಟವೆಲ್ಲಿನಲ್ಲೇ ನಿಂತೆ. ಕೊನೆಗೆ ಊರಿಗೆಲ್ಲ ಡಂಗುರ ಹೊಡೆಯುತ್ತ ಅದು ಎದ್ದು ಹೋದಾಗ ನನ್ನ ಇಸ್ತ್ರಿ ಅಂಗಿಯ ಮೇಲೆ ಬೆಚ್ಚಗಿನ ಒಂದು ತತ್ತಿ. "ತೆಗಿಬ್ಯಾಡ. ನಾಳಿ ಅಲ್ಲೇ ಬರ್ತದ, ಸ್ವಲ್ಪ ತಡಾ ಮಾಡಿ." ಹಾಗೇ ಆಯಿತು. ಒಂದು ತತ್ತಿ ತಯಾರಾಗಲು ಒಂದು ದಿನದ ಮೇಲೆ ಒಂದಿಷ್ಟು ಹೊತ್ತು ಬೇಕು; ಆದ್ದರಿಂದ ದಿನದಿನಕ್ಕೆ ಹೊತ್ತು ಜಾರುತ್ತದೆ. ನನ್ನ ಬಟ್ಟೆಗಳು ನಾಲ್ಕು ದಿನ ಹಗ್ಗದ ಮೇಲೆ, ಬ್ಯಾಗು ಕೋಳಿಯ ಹೆಸರಿಗೆ.

ಆ ಹಳದಿ ಕಾಲಿಗೂ ನನ್ನೂರಿಗೂ ನಂಟಿದೆ. ಊರಕೋಳಿಯ ಮೂಲಪುರುಷ ಕೆಂಪು ಕಾಡುಕೋಳಿ, ನಿಜ. ಆದರೆ ಹಳದಿ ಚರ್ಮದ ಗುಣ ಬಂದದ್ದು ದಕ್ಷಿಣ ಭಾರತದ ಕಾಡಿನ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪತ್ತೆ ಹಚ್ಚಿದರು. ನಮ್ಮ ತೋಟದ ಹಿಂದಿನ ಗುಡ್ಡದಲ್ಲಿ ಕೂಗುವುದು ಅದೇ. ಅವ್ವನಿಗೆ ಹೇಳಿದೆ. ಹ್ಯಾಟಿಯ ಕಾಲನ್ನು ತಿರುಗಿಸಿ ನೋಡಿ, "ಹಂಗಾರ ಇದು ನಿಮ್ಮ ಕಡಿ ಹೆಣ್ಣು" ಅಂದರು.

ತೊಗರಿ ರಾಶಿಯ ಕಣದಲ್ಲಿ ಕೋಳಿಗಳಿಗೆ ಹಬ್ಬ. ನಮ್ಮಲ್ಲಿ ಕೋಳಿ ಮರಿಗೆ ಮುಂಗುಸಿ ಶತ್ರು, ಹೊಂಚು ನೆಲದಲ್ಲೇ. ಇಲ್ಲಿ ಅಪಾಯ ಮೇಲಿನಿಂದ. ಮರಿ ಕಟ್ಟಿಕೊಂಡ ಹ್ಯಾಟಿಯೊಂದು ಕೆದರುತ್ತ ಕೆದರುತ್ತ ತಟ್ಟನೆ ನಿಂತು, ತಲೆ ಓರೆ ಮಾಡಿ ಒಂದೇ ಕಣ್ಣಿನಿಂದ ಮುಗಿಲು ನೋಡಿತು. ನನಗೇನೂ ಕಾಣಲಿಲ್ಲ. ಕರ್ರ್ ಎಂದು ಎಳೆದ ಒಂದು ದನಿ. ಮರಿಗಳೆಲ್ಲ ರೆಕ್ಕೆಯಡಿ ಮಾಯ. ಆಮೇಲೆ ಕಂಡಿತು, ಎಳ್ಳು ಕಾಳಿನಷ್ಟು ದೂರದಲ್ಲಿ ಹದ್ದು. ನಾಯಿಗೆ ಬೇರೆ ದನಿ, ಹದ್ದಿಗೆ ಬೇರೆ ದನಿ.

ಕಣದ ಪಕ್ಕದ ಮನೆಯವರು ಕೋಳಿ ಸಾಕುವವರೂ ಅಲ್ಲ, ತಿನ್ನುವವರೂ ಅಲ್ಲ. ಆ ಮನೆಯ ವಿಭೂತಿ ಹಚ್ಚಿದ ಅಜ್ಜಿ "ಹಾಳಾದ ಕೋಳಿ, ಅಂಗಳೆಲ್ಲ ಹೊಲಸು ಮಾಡ್ತಾವ" ಎಂದು ಬೈಯುತ್ತಲೇ ಮೊರದ ನುಚ್ಚನ್ನು ಅವುಗಳ ಮುಂದೆ ಚೆಲ್ಲಿದರು. ಹಂಚಿ ತಿನ್ನುವುದನ್ನು ಭಕ್ತರಿಗೆ ಕಲಿಸಲು ಬಸವಣ್ಣ ತನ್ನ ವಚನದಲ್ಲಿ ಕಾಗೆಯ ಜೊತೆ ಕೋಳಿಯನ್ನೂ ಸಾಕ್ಷಿಗೆ ಕರೆದದ್ದು ನೆನಪಾಯಿತು. ನಾನು ಹಾಗಂದದ್ದಕ್ಕೆ ಅಜ್ಜಿ, "ವಚನದಾಗಿನ ಕೋಳಿ ಹೊಲಸು ಮಾಡಂಗಿಲ್ಲಪ" ಅಂದರು.

ಮೂರನೆಯ ಸಂಜೆ ಓಣಿಯಲ್ಲಿ ಗಲಾಟೆ. ಕೊಕ್ಕರೆ ರೋಗದ ಲಸಿಕೆಯಂತೆ, ಪಟ್ಟಣದಲ್ಲಿ ರಾಣಿಖೇತ್ ಅನ್ನುವುದು ಅದನ್ನೇ. ಅದು ಹೊಕ್ಕರೆ ಎರಡು ಮೂರು ದಿನದಲ್ಲಿ ಓಣಿಯ ಗೂಡುಗಳೆಲ್ಲ ಖಾಲಿ. ಲಸಿಕೆಯ ಪುಟ್ಟ ಶೀಷೆಯಲ್ಲಿ ನೂರಾರು ಕೋಳಿಗೆ ಸಾಕಾಗುವಷ್ಟು ಮದ್ದು. ಒಮ್ಮೆ ಕಲಸಿದರೆ ಎರಡು ಗಂಟೆಯೊಳಗೆ ಮುಗಿಸಬೇಕು. ಏಳೆಂಟು ಕೋಳಿಯ ಒಂದು ಮನೆಗೆ ಅದು ಹೇಗೆ ಹೊಂದೀತು? ಹಾಗಾಗಿ ಓಣಿಯ ಹೆಂಗಸರು ದುಡ್ಡು ಕೂಡಿಸಿ, ಕೋಳಿಗಳು ಗೂಡು ಸೇರುವ ಹೊತ್ತು ನೋಡಿ, ಬುಟ್ಟಿ ಬುಟ್ಟಿಯಲ್ಲಿ ಹೊತ್ತು ತರುತ್ತಾರೆ. ಮರಿಗಳ ಕಣ್ಣಿಗೆ ಒಂದೊಂದೇ ಹನಿ. ಮರಿ ಹಿಡಿಯುವ ಕೆಲಸ ನನಗೆ ಸಿಕ್ಕಿತು. ಅಂಗಿಯ ಗತಿ ಹೇಳುವುದು ಬೇಡ. ತತ್ತಿ ಮಾರಿದ ದುಡ್ಡು ಗಂಡಸರ ಲೆಕ್ಕಕ್ಕೆ ಬರುವುದಿಲ್ಲ ಎಂದು ತಿಳಿದದ್ದೂ ಅಲ್ಲೇ. ಒಬ್ಬಾಕೆ ಕಿವಿಯ ಬೆಂಡೋಲೆ ಮುಟ್ಟಿ ತೋರಿಸಿ, "ಇದು ಹ್ಯಾಟಿ ಇಟ್ಟದ್ದು" ಅಂದಳು.

ಹೊರಡುವ ದಿನ ಅವ್ವ ಸ್ಟೀಲ್ ಡಬ್ಬಿಗೆ ಜೋಳದ ಹಿಟ್ಟು ಸುರಿದು ಬ್ಯಾಗಿನ ನಾಲ್ಕೂ ತತ್ತಿಯನ್ನು ಅದರಲ್ಲಿ ಹುಗಿದರು. "ನಿನ್ನ ಬ್ಯಾಗಿನ್ಯಾಗ ಇಟ್ಟಾವ, ನಿನ್ನವೇ. ವಾರದೊಳಗ ನಿಮ್ಮ ಅವ್ವನ ಹ್ಯಾಟಿ ಕೆಳಗ ಇಡು." ಬಸ್ಸು ಬಂತು. ಅದೇ ಕಂಡಕ್ಟರು.

"ಡಬ್ಬ್ಯಾಗ ಏನದರಿ?"

"ತತ್ತಿ."

ಅವರು ಟಿಕೇಟು ಮಷಿನ್ನನ್ನು ಒಮ್ಮೆ ನೋಡಿದರು, ಡಬ್ಬಿಯನ್ನು ಒಮ್ಮೆ ನೋಡಿದರು. "ಹಾದ್ಯಾಗ ಒಡದು ಹುಂಜ ಬಂದ್ರ ಕೂಗ್ರಿ, ಅರ್ಧ ಟಿಕೇಟು ಕೊಡ್ತೀನಿ. ಹ್ಯಾಟಿ ಬಂದ್ರ ಸುಮ್ಮ ಕುಂದರ್ರಿ."