ತೋಳಿಗೆ ತಕ್ಕ ಕ್ಲಬ್

ಅರಕಲಗೂಡು, ಹೊಳೆನರಸೀಪುರ ದಾಟಿ ಬಂದ ಬಸ್ಸು ಚನ್ನರಾಯಪಟ್ಟಣದಲ್ಲಿ ಹಾಸನ-ಬೆಂಗಳೂರು ಹೆದ್ದಾರಿ ಸೇರುತ್ತದೆ. ಆ ದಾರಿಯ ತುದಿಯ ಬೆಂಗಳೂರಿನಲ್ಲಿ, ಕೋಡಿಹಳ್ಳಿ ಬಳಿ, ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ 18 ಕುಳಿಗಳ ಹಸಿರು ಮೈದಾನವಿದೆ.

ಆಟ ಕಲಿಯಹೊರಟ ವಿದ್ಯಾರ್ಥಿಗೆ ಮೊದಲ ಗೊಂದಲ ಕ್ಲಬ್, ಅಂದರೆ ಹೊಡೆಯುವ ಕೋಲಿನದು. ದೂರದ ಹೊಡೆತಕ್ಕೆ 3ನೇ ನಂಬರಿನ ಐರನ್ನೋ, 7ನೇ ನಂಬರಿನ ವುಡ್ಡೋ? ಎರಡರ ಮುಖದ ಓರೆಯೂ ಹೆಚ್ಚುಕಡಿಮೆ 21 ಡಿಗ್ರಿ. ಆದರೆ ತೆಳು ಐರನ್ನಿಗೆ ಬಿರುಸಾದ ಬೀಸು ಬೇಕು; ತೂಕ ತಳದಲ್ಲಿರುವ ವುಡ್ ಸಾಧಾರಣ ಬೀಸಿಗೂ ಚೆಂಡನ್ನು ಮೇಲೇರಿಸಿ ಮೆತ್ತಗೆ ಇಳಿಸುತ್ತದೆ. ಎದುರುಗಾಳಿಯಿದ್ದರೆ ತಗ್ಗಿನಲ್ಲಿ ಸಾಗುವ ಐರನ್ನಿನ ಹೊಡೆತವೇ ಮೇಲು.

ಬೆಂಗಳೂರಿನ ಅದಿತಿ ಅಶೋಕ್ ಬಲು ದೂರ ಹೊಡೆಯುವವರಲ್ಲ. ಆದರೂ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ, ತಾಯಿಯೇ ಕ್ಲಬ್ಬುಗಳ ಚೀಲ ಹೊತ್ತು ಜತೆಗಿದ್ದಾಗ, ಒಂದೇ ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದರು. ಗತ್ತಿಗಲ್ಲ, ಮಗುವಿನ ತೋಳಿಗೆ ಒಗ್ಗುವುದನ್ನು ಕೊಡಿಸುವುದೇ ಹೆತ್ತವರ ಜಾಣತನ.